ಬು ಮುಜಿಯ ಬಾಯಲ್ಲಿದ್ದ ಮರಗೆಣಸು

ಪ್ರೀತಿ ಪ್ರೇಮದ ಇಂಗ್ಲಿಷನ್ನು ನಾನು ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಆ ವಿಷಯದಲ್ಲಿ ನನಗೆ ಒಂದು ದಿನದ ಅನುಭವವೂ ಇಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಬು ಮುಜಿ ಹೇಳುತ್ತಾರೆ, ಅದೂ ನಾಲ್ಕು ಜನರ ಎದುರಿಗೆ.

"ನಮ್ಮ ವೆನಿಂಗ್ ಮೇಷ್ಟ್ರಮ್ಮ ಗದ್ದೆ ಬದು ಮೇಲೆ ನಿಂತ್ಕೊಂಡು ಈಜು ಕಲಿಸ್ತಾಳೆ ಕಣ್ರೋ. ಆದ್ರೂ ಮಕ್ಳು ಕಲೀತವೆ, ಅದೇ ಆಶ್ಚರ್ಯ."

ಆ ವೆನಿಂಗ್ ನಾನೇ. ನಲವತ್ತೊಂದು ವರ್ಷದವಳಿಗೆ ಇದನ್ನು ಕೇಳಿಸಿಕೊಂಡು ನಗಬೇಕೆಂದರೆ ಕಷ್ಟ. ಆದರೂ ನಗುತ್ತೇನೆ, ಯಾಕೆಂದರೆ ಹೇಳಿದವರು ನಾನು ಬಾಡಿಗೆಗಿರುವ ಮನೆಯ ಒಡತಿ, ಮೇಲಾಗಿ ನನ್ನ ಬೆಳಗಿನ ಊಟ ಅವರ ಕೈಯಲ್ಲಿದೆ. ಪೂರ್ತಿ ಹೆಸರು ಮುಜಿಯಾತಿ, ಬು ಎಂದರೆ ಅಮ್ಮ ಎಂದಂತೆ. ಐವತ್ತನಾಲ್ಕು ವರ್ಷ, ಗಂಡ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಾಗಲಿಲ್ಲ, ಶಾಲೆ ಬಿಟ್ಟಿದ್ದು ಐದನೇ ಕ್ಲಾಸಿಗೆ. ಜಾವಾ ದ್ವೀಪದ ಪಾರೆಯಲ್ಲಿರುವ ಇಂಗ್ಲಿಷ್ ಹಳ್ಳಿಯಲ್ಲಿ ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ ಅವರ ಪೆಚೆಲ್ ಅಂಗಡಿ ಇದೆ. ಬಾಳೆ ಎಲೆಯ ಮೇಲೆ ಬಿಸಿ ಅನ್ನ, ಬೆಂದ ಸೊಪ್ಪು, ಮೊಳಕೆಕಾಳು, ಮೇಲೆ ಕಡಲೆಕಾಯಿಯ ಖಾರದ ಗೊಜ್ಜು. ಬೆಳಿಗ್ಗೆ ಆರಕ್ಕೆ ಶುರುವಾದರೆ ಹತ್ತಕ್ಕೆ ಪಾತ್ರೆ ಖಾಲಿ.

ನಮ್ಮ ಹಳ್ಳಿಯಲ್ಲಿ ಮನೆಗಿಂತ ಇಂಗ್ಲಿಷ್ ತರಗತಿಗಳು ಹೆಚ್ಚು. ತಿಂಗಳ ಹತ್ತನೇ ತಾರೀಕು ವಿದ್ಯಾರ್ಥಿಗಳ ಒಂದು ಹಿಂಡು, ಇಪ್ಪತ್ತೈದಕ್ಕೆ ಇನ್ನೊಂದು ಹಿಂಡು, ಎಲ್ಲೆಲ್ಲಿಯ ದ್ವೀಪಗಳಿಂದಲೋ ಬಂದಿಳಿದು ಬಾಡಿಗೆ ಸೈಕಲ್ ಹತ್ತುತ್ತವೆ. ನನ್ನ ತರಗತಿಯಲ್ಲಿ ದಿನಕ್ಕೆ ಇಪ್ಪತ್ತೈದು ಪದ ಬಾಯಿಪಾಠ ಮಾಡಿ, ಯಾರಿಗಾದರೂ ಒಪ್ಪಿಸಿ, ಪಟ್ಟಿಯ ಕೆಳಗೆ ಅವರ ರುಜು ಹಾಕಿಸಿಕೊಂಡು ಬರಬೇಕು. ಮೊದಮೊದಲು ಮಕ್ಕಳು ಒಬ್ಬರಿಗೊಬ್ಬರು ಸುಳ್ಳು ರುಜು ಹಾಕಿಕೊಳ್ಳುತ್ತಿದ್ದರು. ನನಗೆ ಮೈ ಉರಿದು, "ಇನ್ನು ಮುಂದೆ ಬು ಮುಜಿ ರುಜು ಇಲ್ದಿರೋ ಪಟ್ಟಿ ನನ್ನ ಕಣ್ಣಿಗೆ ಬೀಳ್ಬಾರ್ದು" ಎಂದುಬಿಟ್ಟೆ. ಕೋಪದಲ್ಲಿ ಆಡಿದ ಮಾತು ಕಾಯಿದೆಯಾಗಿಹೋಯಿತು.

ಅವರು ಗೊಜ್ಜಿನ ಕೈ ಒರೆಸಿಕೊಂಡು ಪಟ್ಟಿ ಹಿಡಿಯುತ್ತಾರೆ. ಎಡಕ್ಕೆ ಇಂಗ್ಲಿಷು, ಬಲಕ್ಕೆ ನಮ್ಮ ಭಾಷೆ. ಮಕ್ಕಳು ಒಪ್ಪಿಸಿದಂತೆ ಅವರು ಗುರುತು ಹಾಕುತ್ತ ಹೋಗುತ್ತಾರೆ. ಒಂದು ತಪ್ಪಿದರೂ, "ಊಟ ಮುಗ್ಸಿ ಮತ್ತೆ ಹೇಳು" ಎನ್ನುತ್ತಾರೆ. ಹೀಗೆ ಅಡುಗೆಮನೆಯ ಪದ, ಆಸ್ಪತ್ರೆಯ ಪದ, ಕಚೇರಿಯ ಪದ ಎಲ್ಲ ಅವರ ಕಿವಿಯಲ್ಲಿ ಇಳಿದು ಉಳಿದುಕೊಂಡಿವೆ. ಅವುಗಳಿಗೆಲ್ಲ ಚಕಚಕ ರುಜು ಬೀಳುತ್ತಿತ್ತು. ಪ್ರೀತಿಯ ಪದಗಳ ವಾರ ಬಂದಾಗ ಮಾತ್ರ ಸಾಲು ರಸ್ತೆಯವರೆಗೂ ಬೆಳೆಯುತ್ತಿತ್ತು, ಯಾಕೆಂದರೆ ಅರ್ಥ ಬಿಡಿಸಿ ಹೇಳದೆ ಆ ಪಟ್ಟಿಗೆ ಅವರು ರುಜು ಹಾಕುತ್ತಿರಲಿಲ್ಲ.

ಒಮ್ಮೆ ಲೊಂಬೋಕ್ ದ್ವೀಪದ ನುರ್ಹಿದಾ ಎಂಬ ಹುಡುಗಿ ಒಪ್ಪಿಸುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದೆ.

"ಬ್ಲೈಂಡ್ ಡೇಟ್ ಅಂದ್ರೆ, ಮುಂಚೆ ನೋಡೇ ಇಲ್ದಿರೋರನ್ನ ಮೊದಲ್ನೇ ಸಲ ಭೇಟಿಯಾಗೋದು, ಬು."

"ಭೇಟಿಯಾಗಿ?"

"ಮಾತಾಡೋದು. ತಿಂಡಿ ತಿನ್ನೋದು. ಇಷ್ಟ ಆಗ್ದಿದ್ರೆ ಮನೆಗೆ ಹೋಗೋದು."

"ಮನೆಗೆ ಹೋಗ್ಬಹುದಾ?" ಬು ಮುಜಿ ಪಟ್ಟಿಯಿಂದ ತಲೆ ಎತ್ತಿದರು. "ನಂದೂ ಬ್ಲೈಂಡ್ ಡೇಟೇ ಮಗಳೇ. ಮನೆಗೆ ಹೋಗ್ಬಹುದು ಅಂತ ಯಾರೂ ಹೇಳ್ಲಿಲ್ಲ ನೋಡು, ಇಪ್ಪತ್ತೊಂಬತ್ತು ವರ್ಷ ನಡೀತು."

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಪಾತ್ರೆ ತೊಳೆಯುವ ಹೊತ್ತಿಗೆ ಆ ಮಾತು ಮತ್ತೆ ನೆನಪಾಯಿತು. ನನಗೋ ಕೆದಕದೆ ಇರಲಾಗದ ಚಟ. ಹೇಗಾಯಿತು ಮದುವೆ ಎಂದು ಕೇಳಿದೆ.

"ಹದಿನಾರು ತುಂಬಿತ್ತು ನಂಗೆ," ಎಂದರು. "ಹೊರಗೆ ಜನ ಬಂದಿದ್ರು. ನಾನು ಅಡುಗೆಮನೇಲಿ ಮರಗೆಣಸು ಬೇಯಿಸ್ತಿದ್ದೆ. ಬೆಂದಿದ್ಯಾ ನೋಡೋಣ ಅಂತ ದೊಡ್ಡದೊಂದು ತುಂಡು ಬಾಯಿಗೆ ಹಾಕ್ಕೊಂಡೆ. ಅಷ್ಟೊತ್ತಿಗೆ ಅಪ್ಪ ಪರದೆ ಆಚೆಯಿಂದ, 'ಮುಜಿ, ವಾಕಿದಿಗೆ ನಿನ್ನ ಕೊಡ್ತಾ ಇದೀವಿ, ಏನಂತೀಯ?' ಅಂದ್ರು. ಬಾಯಿ ತುಂಬ ಸುಡೋ ಗೆಣಸು. ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ. ಕಣ್ಣಲ್ಲಿ ನೀರು ಬಂತು. ಸೋದರತ್ತೆ ಪರದೆ ಸರಿಸಿ ನೋಡಿ, 'ನಾಚ್ಕೊಂಡು ಅಳ್ತಾ ಇದಾಳೆ ಪಾಪ, ಒಪ್ಗೆ' ಅಂದ್ರು. ಹೊರಗೆ ಎಲ್ರೂ ಅಲ್ಹಮ್ದುಲಿಲ್ಲಾ ಅಂದ್ರು. ನಾನು ನುಂಗೋಷ್ಟರಲ್ಲಿ ಮದ್ವೆ ಗೊತ್ತಾಗಿತ್ತು."

ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ಬಾಯಿ ಖಾಲಿ ಇದ್ದಿದ್ರೆ ಏನು ಹೇಳ್ತಿದ್ರಿ, ಬು?"

"ಅದೇ ಗೊತ್ತಿಲ್ಲ ಮಗಳೇ. ಮೂವತ್ತೆಂಟು ವರ್ಷದಿಂದ ಅದನ್ನೇ ಯೋಚ್ನೆ ಮಾಡ್ತಿದೀನಿ. ಹೂಂ ಅಂತಿದ್ನೇನೋ. ಆದ್ರೆ ಅಂದಿಲ್ವಲ್ಲ."

ವಾಕಿದಿ ಕೆಟ್ಟವರೇನೂ ಆಗಿರಲಿಲ್ಲವಂತೆ. ಕಬ್ಬಿನ ಲಾರಿ ಓಡಿಸುತ್ತಿದ್ದರು, ಸಕ್ಕರೆ ಕಾರ್ಖಾನೆ ನಡೆಯುವ ಕಾಲದಲ್ಲಿ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಂದಾಗಲೆಲ್ಲ ಒಂದು ಒಳ್ಳೆಯ ಜಲ್ಲೆ ಆರಿಸಿ ತಂದು ಬಾಗಿಲ ಪಕ್ಕ ಒರಗಿಸಿಡುತ್ತಿದ್ದರು. ತಗೋ ಎಂದು ಒಂದು ದಿನವೂ ಹೇಳಿದ್ದಿಲ್ಲ. ಇವರು ಸಿಪ್ಪೆ ಸುಲಿದು ತಿನ್ನುತ್ತಿದ್ದರು. ಚೆನ್ನಾಗಿದೆ ಎಂದು ಇವರೂ ಹೇಳಿದ್ದಿಲ್ಲ.

"ಇದಕ್ಕೆ ನಿನ್ನ ಪಟ್ಟೀಲಿ ಏನಂತಾರೆ?" ಎಂದು ಕೇಳಿದರು.

ನಾನು ಮೇಷ್ಟ್ರಮ್ಮನ ಗತ್ತಿನಲ್ಲಿ ಅಫೆಕ್ಷನ್ ಎಂದೆ. ಅರ್ಥ ಕೇಳಿಕೊಂಡು, "ಅಲ್ಲ" ಎಂದರು. ಕಂಪ್ಯಾನಿಯನ್ ಎಂದೆ. "ಜೊತೇಲಿರ್ಲೇ ಇಲ್ವಲ್ಲೇ, ಲಾರೀಲಿದ್ರು." ಅಟ್ಯಾಚ್‌ಮೆಂಟ್ ಎಂದೆ. "ಅದು ಲಾರಿಗೆ ಹಿಂದೆ ಕಟ್ತಾರಲ್ಲ, ಅದರ ಥರ ಕೇಳ್ಸುತ್ತೆ. ಬೇಡ." ಆ ವಾರವೆಲ್ಲ ನಾನು ದೊಡ್ಡ ನಿಘಂಟು ಮಗುಚಿ ಹಾಕಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ನನ್ನ ಪಟ್ಟಿಯಲ್ಲಿ ಎಷ್ಟೊಂದು ಇಲ್ಲವಲ್ಲ ಅನಿಸಿ ತಲೆ ಕೆಟ್ಟುಹೋಯಿತು.

ಅಂಗಡಿಯ ಎದುರಿಗೆ ಪಾಕ್ ತುಗಿಮಾನರ ಬಾಡಿಗೆ ಸೈಕಲ್ಲಿನ ಅಂಗಡಿ. ಹಿರಿಯ ಹೆಂಗಸಿಗೆ ಬು ಎಂದಂತೆ ಹಿರಿಯ ಗಂಡಸಿಗೆ ಪಾಕ್. ಅರವತ್ತು ವರ್ಷ, ಹೆಂಡತಿ ಸತ್ತು ನಾಲ್ಕು ವರ್ಷ. ತುಟಿ ಪಿಟಕ್ಕೆನ್ನದ ಮನುಷ್ಯ. ಬೆಳಗಾಗುತ್ತಲೇ ಬಂದು ಮೊಳಕೆಕಾಳಿಲ್ಲದ ಪೆಚೆಲ್ ತಿಂದು, ತಮ್ಮ ಲೋಟ ತಾವೇ ತೊಳೆದಿಟ್ಟು ಹೋಗುತ್ತಾರೆ. ಶುಕ್ರವಾರಕ್ಕೊಮ್ಮೆ ಬು ಮುಜಿಯ ಹಳೆಯ ಸೈಕಲ್ಲಿಗೆ ಗಾಳಿ ತುಂಬಿಸುತ್ತಾರೆ. ಅದಕ್ಕೂ ಒಂದು ಮಾತಿಲ್ಲ.

ಜಾವಾ ವರ್ಷದ ಕೊನೆಯ ಬೆಸಾರ್ ತಿಂಗಳಲ್ಲಿ, ಸುರೋ ತಿಂಗಳು ಶುರುವಾಗಲು ಇನ್ನು ಹದಿನೈದು ದಿನ ಇರುವಾಗ, ಬು ಮುಜಿಯ ಅಣ್ಣ ಸಾರ್ಜೋನೋ ಬಂದರು. ಪಕ್ಕದ ಹಳ್ಳಿಯಲ್ಲಿ ಮೆಣಸಿನಕಾಯಿ ಬೆಳೆಯುವವರು. ಕುಳಿತುಕೊಳ್ಳುವ ಮೊದಲೇ ಮಾತು ಶುರು ಮಾಡಿದರು.

"ಸೈಕಲ್ ಅಂಗಡಿ ತುಗಿಮಾನ್ ಇದಾರಲ್ಲ, ಅವ್ರ ಚಿಕ್ಕಪ್ಪ ನಮ್ಮನೆಗೆ ಬಂದಿದ್ರು ಕಣೆ. ತುಗಿಮಾನ್‌ಗೆ ನಿನ್ನ ಕೇಳಿದಾರೆ. ಸುರೋ ಬಂದ್ರೆ ಮದ್ವೆ ಮಾಡೋ ಹಾಗಿಲ್ಲ, ಅದಕ್ಕೇ ಈ ಭಾನುವಾರವೇ ಬರ್ತಾರೆ."

ಬು ಮುಜಿ ಕಡಲೆಕಾಯಿ ಅರೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ನೀನೇನಂದೆ?"

"ನಾನು ಆಗ್ಲೇ ಮಾತು ಕೊಟ್ಬಿಡ್ತಿದ್ದೆ. ನೀನು ವಿಧವೆ ನೋಡು, ಅದೇ ತೊಡಕು. ಹುಡುಗೀರಾದ್ರೆ ಸುಮ್ನಿದ್ರೆ ಒಪ್ಗೆ ಅಂತಾರೆ. ವಿಧವೆ ಆದ್ರೆ ತಾನೇ ಬಾಯಿಬಿಟ್ಟು ಹೇಳ್ಬೇಕು. ಒಂದು ಮಾತು ಕಣೆ, ಹೂಂ ಅಂದ್ಬಿಡು, ಮುಗೀತು."

"ನಾನೇ ಹೇಳ್ಬೇಕಾ?"

"ನೀನೇ. ಅದು ಕಾನೂನು."

ಅರೆಯುವ ಕೈ ಆಗ ನಿಂತಿತು. ಆ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೆದರಿಕೆ ಅಲ್ಲ, ಸಂತೋಷವೂ ಅಲ್ಲ. ಯಾವುದೋ ಪೆಟ್ಟಿಗೆಯಲ್ಲಿ ಏನಿದೆಯೋ ಎಂದು ಕುತೂಹಲಪಡುವವರ ಮುಖ.

ಅಣ್ಣ ಹೋದ ಮೇಲೆ ನಾನು ಬಾಯಿಬಿಟ್ಟೆ. ಹನ್ನೆರಡು ಹೆಜ್ಜೆ ಅಗಲದ ರಸ್ತೆ ದಾಟಿ ಕೇಳಲಾಗದ ಗಂಡಸು, ಆರು ಕಿಲೋಮೀಟರ್ ಸುತ್ತಿ ಚಿಕ್ಕಪ್ಪನನ್ನು ಕಳಿಸಿದ್ದಾರೆ, ಇದಕ್ಕೇನನ್ನಬೇಕು ಎಂದು ಕೂಗಾಡಿದೆ.

"ನಮ್ಮಲ್ಲಿ ಹಾಗೇ ತಾನೆ," ಎಂದರು ಬು ಮುಜಿ. "ಇಂಗ್ಲಿಷಿನವ್ರಲ್ಲಿ ಹೇಗೆ?"

"ಪ್ರಪೋಸ್ ಮಾಡ್ತಾರೆ. ಗಂಡಸೇ ಕೇಳ್ಬೇಕು, ಅವ್ಳ ಕಣ್ಣು ನೋಡಿ. ಒಂದು ಮಂಡಿ ಊರಿ."

ಅವರು ರಸ್ತೆಯಾಚೆ ನೋಡಿದರು. ಪಾಕ್ ತುಗಿಮಾನ್ ಒಂದು ಸೈಕಲ್ಲಿನ ಮುಂದೆ ಮಂಡಿಯೂರಿ ಕೂತು ಚಕ್ರ ತಿರುಗಿಸುತ್ತಿದ್ದರು. "ಅವ್ರು ದಿನಾ ಊರ್ತಾರೆ," ಎಂದು ಬು ಮುಜಿ ನಕ್ಕರು. ಆಮೇಲೆ ನಗು ಬಿಟ್ಟು ಕೇಳಿದರು. "ಅವ್ಳು ಏನು ಹೇಳ್ಬೇಕು?"

"ಯೆಸ್ ಅನ್ಬಹುದು. ನೋ ಅನ್ಬಹುದು. ಯೋಚ್ನೆ ಮಾಡ್ತೀನಿ ಅಂತಾನೂ ಅನ್ಬಹುದು."

"ಯೋಚ್ನೆ ಮಾಡ್ತೀನಿ ಅಂತ್ಲೂ ಅನ್ಬಹುದಾ? ಆಗ ಗಂಡಸು ಏನ್ಮಾಡ್ತಾನೆ?"

"ಕಾಯ್ತಾನೆ."

"ಮಂಡಿ ಊರ್ಕೊಂಡೇ?"

ಭಾನುವಾರದವರೆಗೂ ಅವರು ಪ್ರೀತಿಯ ಹಳೆಯ ಪಟ್ಟಿಗಳನ್ನೆಲ್ಲ ನನ್ನ ಕೋಣೆಯಿಂದ ತರಿಸಿಕೊಂಡು ಓದಿದರು. ಡೇಟ್ ಮಾಡುವುದು ಎಂದರೆ ಎಷ್ಟು ದಿನ, ಎಲ್ಲಿಗೆ ಹೋಗುತ್ತಾರೆ, ಏನು ಮಾತಾಡುತ್ತಾರೆ, ಮಾತು ಮುಗಿದುಹೋದರೆ ಏನು ಮಾಡುತ್ತಾರೆ. ನನಗೆ ಗೊತ್ತಿದ್ದುದು ಎರಡನೇ ಪ್ರಶ್ನೆಗೇ ಮುಗಿಯಿತು. ಮಿಕ್ಕಿದ್ದಕ್ಕೆ ನುರ್ಹಿದಾಳನ್ನು ಕೇಳಿಕೊಂಡು ಬಂದೆ. ಇಪ್ಪತ್ತು ವರ್ಷದ ಹುಡುಗಿಯ ಮುಂದೆ ನೋಟ್ ಪುಸ್ತಕ ಹಿಡಿದು ಕೂತ ನನ್ನ ಅವಸ್ಥೆ ಯಾರಿಗೂ ಬೇಡ.

"ನಿಮ್ಗೆ ಪಾಕ್ ತುಗಿಮಾನ್ ಇಷ್ಟಾನಾ?" ಎಂದು ಕೊನೆಗೆ ನೇರವಾಗಿ ಕೇಳಿದೆ.

"ಅದೇ ನೋಡು, ನಾಲ್ಕು ವರ್ಷದಿಂದ ಅನ್ನ ಹಾಕ್ತಿದೀನಿ. ಆ ಮನುಷ್ಯ ಯಾರು ಅಂತ್ಲೇ ಗೊತ್ತಿಲ್ಲ. ಭಾನುವಾರ ಹೂಂ ಅಂದ್ರೂ ಗೊತ್ತಿಲ್ದೇ ಅಂದಂಗೆ, ಇಲ್ಲ ಅಂದ್ರೂ ಗೊತ್ತಿಲ್ದೇ ಅಂದಂಗೆ. ಈ ಸಲ ಗೊತ್ತು ಮಾಡ್ಕೊಂಡು ಹೇಳ್ಬೇಕು ಮಗಳೇ. ಇನ್ನೊಂದ್ಸಲ ಯಾರು ಕೇಳ್ತಾರೆ ನನ್ನ?"

ಭಾನುವಾರ ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಅವರು ಬಂದರು. ಎಂಟು ಜನ. ಬೆಲ್ಲದಲ್ಲಿ ಬೇಯಿಸಿದ ಅಂಟಕ್ಕಿಯ ತಟ್ಟೆ, ಎರಡು ಗೊನೆ ರಾಜಬಾಳೆ. ಚಾಪೆಯ ಮೇಲೆ ಗಂಡಸರೆಲ್ಲ ಸಾಲಾಗಿ ಕೂತರು. ಪಾಕ್ ತುಗಿಮಾನ್ ಹೊಸ ಬಾತಿಕ್ ಅಂಗಿ ತೊಟ್ಟು ಮೂಲೆಯಲ್ಲಿ ಕೂತಿದ್ದರು. ಉಗುರಿನ ಸಂದಿಯ ಗ್ರೀಸನ್ನು ಎಷ್ಟು ಉಜ್ಜಿದ್ದರೋ, ಬೆರಳುಗಳು ಕೆಂಪಾಗಿದ್ದವು. ಬು ಮುಜಿ ಬಾಗಿಲ ಹತ್ತಿರ ಕೂತರು. ನಾನು ಅವರ ಹಿಂದೆ ಚಹಾದ ತಟ್ಟೆ ಹಿಡಿದು ನಿಂತೆ.

ತುಗಿಮಾನರ ಚಿಕ್ಕಪ್ಪ ಕಾರ್ಯೋ ಎಂಬತ್ತು ದಾಟಿದವರು. ಬಲು ಮರ್ಯಾದೆಯ ಜಾವಾ ಮಾತಿನಲ್ಲಿ, ಹೂವು, ತೋಟ, ಬೇಲಿ ಎಂದು ಅರ್ಧ ಗಂಟೆ ಸುತ್ತಿ ಬಳಸಿ ಹೇಳಿದರು. ಸಾರ್ಜೋನೋ ಅಷ್ಟೇ ಮರ್ಯಾದೆಯಲ್ಲಿ ಉತ್ತರ ಕೊಟ್ಟರು. ಮದುವೆಯಾಗಬೇಕಾದ ಇಬ್ಬರೂ ಅಷ್ಟು ಹೊತ್ತು ಚಾಪೆಯ ನೇಯ್ಗೆ ನೋಡುತ್ತಿದ್ದರು. ಕೊನೆಗೆ ಸಾರ್ಜೋನೋ ತಿರುಗಿದರು.

"ಮುಜಿ, ಕೇಳಿದ್ಯಲ್ಲ. ಏನಂತೀಯ?"

ಬು ಮುಜಿ ತಲೆ ಎತ್ತಿ ಪಾಕ್ ತುಗಿಮಾನರನ್ನು ನೋಡಿದರು. ನೋಡುತ್ತಲೇ ಇದ್ದರು. ಯಾರೋ ಕೆಮ್ಮಿದರು. ಚಿಕ್ಕಪ್ಪ ಕಾರ್ಯೋ ಜೀವಮಾನದಲ್ಲಿ ನೂರಾರು ಹುಡುಗಿಯರ ಮೌನ ಕಂಡವರು. ಹಳೆಯ ಅಭ್ಯಾಸದಂತೆ ಮುಖ ಅರಳಿಸಿ, "ಸುಮ್ನಿದಾಳೆ, ನಾಚ್ಕೊಂಡಿದಾಳೆ. ಒಪ್ಗೆ," ಎಂದುಬಿಟ್ಟರು.

ಅಲ್ಹಮ್ದುಲಿಲ್ಲಾ ಎಂದು ಚಾಪೆಯೆಲ್ಲ ಒಂದೇ ಸಲ ಹೇಳಿತು. ವಿಧವೆ, ಬಾಯಿಬಿಟ್ಟು ಹೇಳಬೇಕು ಎಂಬುದು ಒಬ್ಬರಿಗೂ ನೆನಪಾಗಲಿಲ್ಲ. ಕಾನೂನು ಹೇಳಿದ್ದ ಸಾರ್ಜೋನೋ ಕೂಡ ಅಂದರು. ಆಗಲೇ ಯಾರೋ ಅಂಟಕ್ಕಿಯ ತಟ್ಟೆಯ ಮುಚ್ಚಳ ತೆಗೆದರು, ಚಿಕ್ಕಪ್ಪ ಪ್ರಾರ್ಥನೆಗೆ ಎರಡೂ ಅಂಗೈ ಎತ್ತಿದರು. ಮತ್ತೆ ಹಾಗೇ ಆಗಿಹೋಯಿತಲ್ಲ, ನಾನಾದರೂ ಕೂಗಲೇ ಅಂದುಕೊಂಡೆ.

"ಚಿಕ್ಕಪ್ಪ, ಕೈ ಇಳಿಸಿ," ಎಂದರು ಬು ಮುಜಿ. "ಈ ಸಲ ನನ್ನ ಬಾಯಲ್ಲಿ ಗೆಣಸಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಸಾರ್ಜೋನೋಗೆ ಮಾತ್ರ ಆಯಿತೆಂದು ಕಾಣುತ್ತದೆ. ಮೂವತ್ತೆಂಟು ವರ್ಷದ ಹಿಂದೆ ಪರದೆಯಾಚೆ ಅಲ್ಹಮ್ದುಲಿಲ್ಲಾ ಅಂದವರಲ್ಲಿ ಅವರೂ ಒಬ್ಬರು, ಒಳಗೆ ಗೆಣಸು ಬೇಯುತ್ತಿದ್ದುದು ಅವರಿಗೆ ಗೊತ್ತಿತ್ತು. ಅವರ ಮುಖದ ಬಣ್ಣ ಇಳಿಯಿತು.

"ನಾನಿನ್ನೂ ಏನೂ ಹೇಳಿಲ್ಲ. ನೀವು ಕೇಳಿದ್ರಿ, ಅಣ್ಣ ಕೇಳ್ದ. ಬೇಕಾಗಿರೋರು ಕೇಳಿಲ್ಲ. ಪಾಕ್ ತುಗಿಮಾನ್, ನಿಮ್ಗೇನಾದ್ರೂ ಕೇಳೋದಿದ್ರೆ ನೀವೇ ಕೇಳಿ. ನಾನು ಉತ್ತರ ಹೇಳ್ತೀನಿ."

ಪಾಕ್ ತುಗಿಮಾನರ ಹಣೆಯಲ್ಲಿ ಬೆವರೊಡೆಯಿತು. ಬಾಯಿ ತೆರೆದರು, ಮುಚ್ಚಿದರು. ಹಿಂದಿನಿಂದ ಯಾರೋ, "ತುಗಿಮಾನೂ ಸುಮ್ನಿದಾನೆ, ಅವನಿಗೂ ಒಪ್ಗೆ," ಎಂದರು. ಎಲ್ಲರೂ ನಕ್ಕರು. ಬು ಮುಜಿ ನಗಲಿಲ್ಲ, ಅವರ ಮೇಲಿಂದ ಕಣ್ಣೂ ಕೀಳಲಿಲ್ಲ. ಅಂಗಡಿಯಲ್ಲಿ ಮಕ್ಕಳು ಪದ ನೆನಪಿಸಿಕೊಳ್ಳುವಾಗ ಹೀಗೆಯೇ ಕಾಯುತ್ತಾರೆ.

"ನಾಳೆ," ಎಂದರು ಪಾಕ್ ತುಗಿಮಾನ್. ದನಿ ಎಲ್ಲಿಂದಲೋ ಬಂದಂತಿತ್ತು. "ನಾಳೆ ನಿಮ್ಮ ಅಂಗಡಿ ಮುಗಿದ್ಮೇಲೆ, ಸುರೋವೋನೋದ ಹಳೇ ಕಲ್ಲಿನ ಗುಡಿ ಕಡೆ ಸೈಕಲ್ಲಲ್ಲಿ ಹೋಗ್ಬರೋಣ್ವಾ? ನಿಮ್ಮ ಚೈನಿಗೆ ಎಣ್ಣೆ ಹಾಕಿದೀನಿ."

"ಹೋಗೋಣ," ಎಂದರು ಬು ಮುಜಿ.

"ಮದ್ವೆ ಮಾತೇನಾಯ್ತೇ?" ಸಾರ್ಜೋನೋ ಪೇಚಾಡಿಕೊಂಡರು.

"ಕೇಳಿದ್ದಕ್ಕೆ ಹೇಳ್ದೆನಲ್ಲ ಅಣ್ಣ. ಮಿಕ್ಕಿದ್ದು ಇನ್ನೊಂದಿನ ಕೇಳ್ಲಿ. ತಿಂಡಿ ತಗೊಳ್ಳಿ, ಆರ್ತಾ ಇದೆ."

ಎಂಟು ಜನ ಮದುವೆ ಗೊತ್ತು ಮಾಡಲು ಬಂದು, ಅಂಟಕ್ಕಿ ತಿಂದು, ಒಂದು ಸೈಕಲ್ ಸವಾರಿ ಗೊತ್ತು ಮಾಡಿ ಹೋದರು. ಊರಿನವರು ಒಂದು ವಾರ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಸುರೋ ಬಂತು, ಸಾಪರ್ ಬಂತು. ಸೋಮವಾರ ಸೋಮವಾರ ಎರಡು ಸೈಕಲ್ಲು ಗದ್ದೆಗಳ ನಡುವಿನ ದಾರಿಯಲ್ಲಿ ಹೋಗುತ್ತಿದ್ದವು. ಮೊದಲ ಸವಾರಿ ಮುಗಿಸಿ ಬಂದ ದಿನ ನಾನು ಬಾಗಿಲಲ್ಲೇ ಕಾದಿದ್ದೆ. ಏನು ಮಾತಾಡಿದಿರಿ ಎಂದು ಕೇಳಿದೆ.

"ಮೊಳಕೆಕಾಳು ಯಾಕೆ ತಿನ್ನಲ್ಲ ಅಂತ ಕೇಳ್ದೆ," ಎಂದರು ಬು ಮುಜಿ, ಸೈಕಲ್ ಒರಗಿಸುತ್ತ. "ಅವ್ರ ಹೆಂಡ್ತಿ ಹೋಗೋ ಹಿಂದಿನ ದಿನ ಬಟ್ಟೇಲಿ ಕಾಳು ಕಟ್ಟಿಟ್ಟಿದ್ರಂತೆ. ಮಣ್ಣು ಮಾಡಿ ಬಂದು ನೋಡಿದ್ರೆ ಮೊಳಕೆ ಬಂದಿತ್ತಂತೆ." ಸೆರಗಿನಿಂದ ಸೀಟಿನ ಧೂಳು ಒರೆಸಿದರು. "ನಾಲ್ಕು ವರ್ಷ ಬಡಿಸಿದೀನಿ ನೋಡು. ಯಾಕೆ ಅಂತ ಒಂದಿನ ಕೇಳಿರ್ಲಿಲ್ಲ."

ನಾನು ಒಳಗೆ ಹೋಗಿ ಅತ್ತೆ. ಯಾಕೆಂದು ಕೇಳಬೇಡಿ.

ಅಂದಿನಿಂದ ನನ್ನ ಪ್ರೀತಿಯ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಬಾಗಿಲಿಗೆ ಒರಗಿಸಿಟ್ಟ ಕಬ್ಬಿನ ಜಲ್ಲೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಇನ್ನೂ ಸಿಕ್ಕಿಲ್ಲ. ಇದೇನು ಮೇಡಂ, ಅಚ್ಚಿನ ತಪ್ಪಾ ಎಂದು ಮಕ್ಕಳು ಕೇಳುತ್ತಾರೆ. ಗೊತ್ತಾದಾಗ ಬರ್ಕೊಳ್ಳಿ ಎನ್ನುತ್ತೇನೆ.

ಮಿಕ್ಕ ಪ್ರಶ್ನೆಯನ್ನು ಪಾಕ್ ತುಗಿಮಾನ್ ಸಾಪರ್ ತಿಂಗಳ ಕೊನೆಯ ಸೋಮವಾರ ಕೇಳಿದರಂತೆ, ದಾರಿಯಲ್ಲಿ ಕಳಚಿದ ಚೈನು ಸಿಕ್ಕಿಸಲು ಕೂತಿದ್ದಾಗ. ಯಾವ ಮಾತಿನಲ್ಲಿ ಕೇಳಿದರೆಂದು ಬು ಮುಜಿ ನನಗೂ ಹೇಳಿಲ್ಲ. ಮುಲುದ್ ತಿಂಗಳಲ್ಲಿ ಮದುವೆ ಬರೆದುಕೊಳ್ಳುವ ಅಧಿಕಾರಿ ಮನೆಗೆ ಬಂದರು. ಅದೇ ಚಾಪೆ, ಹೆಚ್ಚುಕಡಿಮೆ ಅದೇ ಜನ. ನಿಯಮದಂತೆ ಅವರು ವಿಧವೆಯನ್ನು ಕೇಳಿದರು. ತುಗಿಮಾನರನ್ನು ಮದುವೆಯಾಗಲು ನಿಮಗೆ ಒಪ್ಪಿಗೆ ಇದೆಯೇ ಎಂದು.

"ಒಪ್ಗೆ ಇದೆ," ಎಂದರು ಬು ಮುಜಿ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಅಧಿಕಾರಿ ಬರೆದುಕೊಂಡು ಮುಂದಿನ ಹಾಳೆ ತಿರುವಿದರು.

"ಸ್ವಾಮಿ, ಇನ್ನೊಂದ್ಸಲ ಹೇಳ್ತೀನಿ."

"ಬೇಡಮ್ಮ, ಕೇಳಿಸ್ತು. ಬರ್ಕೊಂಡಾಯ್ತು."

"ನಿಮ್ಗೆ ಕೇಳಿಸ್ತು. ನಂಗೆ ಗಡಿಬಿಡೀಲಿ ಸರಿಯಾಗಿ ಕೇಳಿಸ್ಲಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಸಾರ್ಜೋನೋ ಟೋಪಿ ತೆಗೆದು ಕಣ್ಣಿಗೆ ಒತ್ತಿಕೊಂಡರು. ಬು ಮುಜಿ ಒಮ್ಮೆ ಉಗುಳು ನುಂಗಿ, ಬಾಯಿ ಖಾಲಿಯಿದೆಯೆಂದು ನೋಡಿಕೊಂಡವರಂತೆ ಕ್ಷಣ ತಡೆದು, ನಿಧಾನವಾಗಿ, ತಮಗೆ ತಾವೇ ಕೇಳಿಸಿಕೊಳ್ಳುತ್ತ ಇನ್ನೊಮ್ಮೆ ಹೇಳಿದರು.